ಮಳೆಯಲ್ಲಿ ಪೆಡಲ್ ಮೇಲೆ ಕಾಲು ಜಾರುತ್ತಿದೆ, ಬದಲಿಸಬೇಕಾದ್ದು ಪೆಡಲ್ಲೋ ಶೂನೋ?

ಪ್ರಶ್ನೆ: ಸರ್, ನಾನು ದಿನಾ ಕೆಲಸಕ್ಕೆ ಸೈಕಲ್‌ನಲ್ಲೇ ಹೋಗಿ ಬರುತ್ತೇನೆ. ಒಂದು ಕಡೆಗೆ ಸುಮಾರು 9 ಕಿಲೋಮೀಟರ್. ಬಿಸಿಲಿರುವಾಗ ಏನೂ ತೊಂದರೆ ಇಲ್ಲ. ಮಳೆ ಶುರುವಾಯಿತು ಅಂದರೆ ಪೆಡಲ್ ಮೇಲೆ ಕಾಲು ನಿಲ್ಲುವುದೇ ಇಲ್ಲ. ಹೋದ ವಾರ ಸಿಗ್ನಲ್ ಬಿಟ್ಟ ತಕ್ಷಣ ಎದ್ದು ನಿಂತು ತುಳಿದೆ. ಬಲಗಾಲು ಜಾರಿತು, ಪೆಡಲ್ ತಿರುಗಿ ಬಂದು ಮೊಣಕಾಲ ಕೆಳಗಿನ ಎಲುಬಿಗೆ ಬಡಿಯಿತು. ಬೀಳಲಿಲ್ಲ, ಆದರೆ ಹಿಂದೆ ಬಸ್ ಇತ್ತು. ಸೈಕಲ್ ಜೊತೆ ಬಂದ ಪೆಡಲ್ಲೇ ಇದೆ, ಪ್ಲಾಸ್ಟಿಕ್ ಬಾಡಿ, ಮೇಲೆ ಕಪ್ಪು ರಬ್ಬರ್. ಹಾಕಿಕೊಳ್ಳುವುದು ದಪ್ಪ ಅಟ್ಟೆಯ (ಸೋಲ್) ರನ್ನಿಂಗ್ ಶೂ. ಗೆಳೆಯ ಕ್ಲಿಪ್ ಪೆಡಲ್ ಹಾಕು, ಕಾಲು ಜಾರುವ ಮಾತೇ ಇಲ್ಲ ಅನ್ನುತ್ತಾನೆ. ಅಂಗಡಿಯವರು ಇನ್ನೂ ದೊಡ್ಡ ರಬ್ಬರ್ ಪೆಡಲ್ ತೋರಿಸಿದರು. ಇನ್ನೊಬ್ಬರು ಮರಳು ಕಾಗದ ಅಂಟಿಸು ಅಂದರು. ಪಿನ್ ಇರುವ ಪೆಡಲ್ ನೋಡಿದರೆ ನನಗೆ ಭಯ, ಕಾಲು ಮತ್ತು ಶೂ ಎರಡೂ ಹರಿಯುತ್ತವೇನೋ ಅಂತ. ವಾಟರ್‌ಪ್ರೂಫ್ ಶೂ ತೆಗೆದುಕೊಂಡರೆ ಸಾಕಾ? ಮಗಳ ಸೈಕಲ್‌ನಲ್ಲೂ ಇದೇ ತರಹದ ಪೆಡಲ್ ಇದೆ, ಅದಕ್ಕೂ ಏನಾದರೂ ಮಾಡಬೇಕಾ?

ಉತ್ತರ: ನಿಮ್ಮ ಭಯ ಸರಿಯಾದದ್ದೇ. ಒಂದು ಸಲ ಹೀಗೆ ಜಾರಿದ ಮೇಲೆ ಕಾಲಿಗೆ ಪೆಡಲ್ ಮೇಲೆ ನಂಬಿಕೆ ಹೋಗುತ್ತದೆ. ಆಮೇಲೆ ಅರೆಮನಸ್ಸಿನಿಂದ ತುಳಿಯುತ್ತೀರಿ. ಹಾಗೆ ತುಳಿದಾಗ ಭಾರ ಸರಿಯಾಗಿ ಬೀಳದೆ ಕಾಲು ಇನ್ನೂ ಸುಲಭವಾಗಿ ಜಾರುತ್ತದೆ. ಸೈಕಲ್ ಫಿಟ್ಟಿಂಗ್ ಮತ್ತು ರಿಪೇರಿ ಮಾಡುವ ನನ್ನ ಹತ್ತಿರ ಮಳೆ ಶುರುವಾದ ಕೂಡಲೇ ಈ ದೂರು ತರುವವರು ತುಂಬಾ ಜನ. ಬಹುತೇಕ ಎಲ್ಲರೂ ಪೆಡಲ್ ಬಗ್ಗೆ ಕೇಳುತ್ತಾರೆ. ನಾನು ಮೊದಲು ನೋಡುವುದು ಅವರ ಶೂ ಅಟ್ಟೆಯನ್ನು.

ಉತ್ತರ ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಿಮ್ಮ ಓಡಾಟಕ್ಕೆ ಬೇಕಾದದ್ದು ಗಿಡ್ಡ ಪಿನ್‌ಗಳಿರುವ ಅಗಲವಾದ ಫ್ಲ್ಯಾಟ್ ಪೆಡಲ್ (ಶೂ ಸಿಕ್ಕಿಸದೆ ಬರೀ ಪಾದ ಇಟ್ಟು ತುಳಿಯುವಂಥದ್ದು), ಜೊತೆಗೆ ಚಪ್ಪಟೆಯಾದ ಪೂರ್ತಿ ರಬ್ಬರ್ ಅಟ್ಟೆಯ ಶೂ. ಎರಡೂ ಒಟ್ಟಿಗೆ ಬೇಕು. ಒಂದನ್ನೇ ಬದಲಿಸಿದರೆ ಅರ್ಧ ಕೆಲಸ. ಶೂ ಅಟ್ಟೆಯನ್ನೇ ಪೆಡಲ್‌ಗೆ ಸಿಕ್ಕಿಸಿಕೊಳ್ಳುವ ಕ್ಲಿಪ್ ಪೆಡಲ್ ಈಗ ಬೇಡ. ದೊಡ್ಡ ರಬ್ಬರ್ ಪೆಡಲ್ ಅಂತೂ ಬೇಡವೇ ಬೇಡ.

ರಬ್ಬರ್ ಪೆಡಲ್ ಯಾಕೆ ಬೇಡ ಅನ್ನುವುದರಿಂದಲೇ ಶುರು ಮಾಡೋಣ, ಯಾಕೆಂದರೆ ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ. ರಬ್ಬರ್ ಅಂದರೆ ಹಿಡಿತ ಅಂತ ನಾವೆಲ್ಲ ನಂಬಿದ್ದೇವೆ. ಒಣಗಿದ್ದಾಗ ಅದು ನಿಜ. ರಬ್ಬರ್ ಎರಡು ರೀತಿಯಲ್ಲಿ ಹಿಡಿಯುತ್ತದೆ. ಒಂದು, ಎದುರಿನ ಮೇಲ್ಮೈಗೆ ಅಂಟಿಕೊಂಡಂತೆ ಕೂರುತ್ತದೆ. ಇನ್ನೊಂದು, ಎದುರಿಗಿರುವ ಏರುತಗ್ಗುಗಳಿಗೆ ತಕ್ಕಂತೆ ತಾನೇ ತಗ್ಗಿ ಉಬ್ಬಿ ಅವುಗಳನ್ನು ಕಚ್ಚಿಕೊಳ್ಳುತ್ತದೆ. ನಡುವೆ ನೀರಿನ ಪದರ ಬಂದರೆ ಮೊದಲನೆಯದು ಹೆಚ್ಚುಕಡಿಮೆ ಹೋಗಿಬಿಡುತ್ತದೆ. ಉಳಿಯುವುದು ಕಚ್ಚುವ ಹಿಡಿತ ಮಾತ್ರ. ಕಚ್ಚಬೇಕಾದರೆ ಅಲ್ಲಿ ಏರುತಗ್ಗು ಇರಬೇಕು, ನೀರು ಹೊರಗೆ ಹೋಗಲು ಜಾಗವೂ ಇರಬೇಕು. ನಯವಾದ ರಬ್ಬರ್ ಪೆಡಲ್ ಮೇಲೆ ನಯವಾದ ಶೂ ಅಟ್ಟೆ ಇಟ್ಟರೆ ಎರಡೂ ಇಲ್ಲ. ನೀರು ಮಧ್ಯದಲ್ಲೇ ಸಿಕ್ಕಿಕೊಳ್ಳುತ್ತದೆ. ಪೆಡಲ್ ದೊಡ್ಡದಾದಷ್ಟೂ ನಿಮ್ಮ ಭಾರ ಜಾಸ್ತಿ ಜಾಗಕ್ಕೆ ಹಂಚಿಹೋಗುತ್ತದೆ, ನೀರನ್ನು ಹಿಂಡಿ ಹೊರಹಾಕುವ ಒತ್ತಡ ಕಡಿಮೆಯಾಗುತ್ತದೆ. ಅದಕ್ಕೇ ಬರೀ ದೊಡ್ಡದಾದ ನಯವಾದ ಪೆಡಲ್ ಮಳೆಯಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಪಿನ್ ಮಾಡುವುದು ಇದಕ್ಕೆ ಪೂರ್ತಿ ಉಲ್ಟಾ. ಇಡೀ ಭಾರವನ್ನು ಕೆಲವೇ ಸಣ್ಣ ತುದಿಗಳ ಮೇಲೆ ತರುತ್ತದೆ, ತುದಿ ನೀರಿನ ಪದರವನ್ನು ದಾಟಿ ಅಟ್ಟೆಯೊಳಗೆ ಇಳಿಯುತ್ತದೆ, ನೀರು ಪಿನ್‌ಗಳ ನಡುವಿನಿಂದ ಕೆಳಗೆ ಸೋರಿಹೋಗುತ್ತದೆ.

ಇನ್ನು, ನೀವು ಜಾರಿದ್ದು ಸಿಗ್ನಲ್‌ನಲ್ಲಿ ಅನ್ನುವುದನ್ನು ಗಮನಿಸಿ. ಅದು ಆಕಸ್ಮಿಕ ಅಲ್ಲ. ಸೈಕಲ್ ನಿಲ್ಲಿಸಿದಾಗ ಕಾಲನ್ನು ರಸ್ತೆಗೆ ಊರುತ್ತೀರಿ ಅಲ್ವಾ? ವಾಹನಗಳು ನಿಂತು ಹೊರಡುವ ಜಾಗದಲ್ಲಿ ರಸ್ತೆ ಮೇಲೆ ಎಣ್ಣೆ, ಟೈರಿನ ಪುಡಿ, ದೂಳು ಜಾಸ್ತಿ ಇರುತ್ತದೆ. ಬಹಳ ದಿನ ಒಣಗಿದ ಮೇಲೆ ಬರುವ ಮೊದಲ ಮಳೆ ಅದನ್ನೆಲ್ಲ ಮೇಲಕ್ಕೆ ತೇಲಿಸುತ್ತದೆ. ಆ ಜಿಡ್ಡು ನಿಮ್ಮ ಅಟ್ಟೆಗೆ ಹತ್ತುತ್ತದೆ, ಅದೇ ಅಟ್ಟೆಯನ್ನು ಪೆಡಲ್ ಮೇಲಿಟ್ಟು ಎದ್ದು ನಿಂತು ಇಡೀ ಮೈಭಾರ ಹಾಕಿ ತುಳಿಯುತ್ತೀರಿ. ಬರೀ ನೀರಾಗಿದ್ದರೆ ಬಹುಶಃ ತಡೆಯುತ್ತಿತ್ತು. ನೀರು, ಎಣ್ಣೆ ಎರಡೂ ಸೇರಿದರೆ ಒಳ್ಳೆಯ ರಬ್ಬರ್ ಕೂಡ ಸೋಲುತ್ತದೆ.

ಆದ್ದರಿಂದ ಹೊಸದು ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಪಾತ್ರೆ ತೊಳೆಯುವ ಸೋಪಿನ ನೀರು ಮತ್ತು ಬ್ರಷ್ ತೆಗೆದುಕೊಂಡು ಶೂ ಅಟ್ಟೆಯನ್ನೂ ಪೆಡಲ್‌ನ ಎರಡೂ ಮುಖವನ್ನೂ ಚೆನ್ನಾಗಿ ಉಜ್ಜಿ ತೊಳೆಯಿರಿ. ಚೈನ್‌ಗೆ ಸ್ಪ್ರೇ ಎಣ್ಣೆ ಹೊಡೆಯುವಾಗ ಅದು ಹಾರಿ ಪೆಡಲ್ ಮೇಲೂ ಕೂರುತ್ತದೆ, ಸೈಕಲ್‌ಗೆ ಹೊಳಪು ಬರಲಿ ಅಂತ ಹೊಡೆಯುವ ಪಾಲಿಶ್ ಸ್ಪ್ರೇ ಇನ್ನೂ ಕೆಟ್ಟದ್ದು. ಆಮೇಲೆ ಪೆಡಲ್ ಅನ್ನು ಬೆರಳಿನಿಂದ ತಿರುಗಿಸಿ ನೋಡಿ. ಹಗುರವಾಗಿ ತಿರುಗಬೇಕು. ಬೇರಿಂಗ್ ಒಣಗಿ ಬಿಗಿಯಾಗಿದ್ದರೆ ಪ್ರತಿ ಸುತ್ತಿನಲ್ಲೂ ಪೆಡಲ್ ತಾನೇ ಓರೆಯಾಗಿ ನಿಮ್ಮ ಪಾದವನ್ನು ಮುಂದಕ್ಕೋ ಹಿಂದಕ್ಕೋ ತಳ್ಳುತ್ತದೆ. ಒಣ ದಿನಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ಹಾಗೇ ಸೈಕಲ್ ಯಾವತ್ತಾದರೂ ಆ ಪಕ್ಕಕ್ಕೆ ಬಿದ್ದಿದ್ದರೆ ಪೆಡಲ್ ಆಕ್ಸಲ್, ಅಂದರೆ ಪೆಡಲ್ ತಿರುಗುವ ನಡುಕಂಬಿ, ಬಾಗಿದೆಯಾ ನೋಡಿ. ಕ್ರ್ಯಾಂಕ್ (ಪೆಡಲ್ ಕೂರಿಸಿರುವ ತೋಳು) ತಿರುಗಿಸಿದಾಗ ಪೆಡಲ್ ಓಲಾಡಿದರೆ ಬಾಗಿದೆ ಅಂತ ಅರ್ಥ. ಅದನ್ನು ನೆಟ್ಟಗೆ ಮಾಡಲು ಹೋಗಬೇಡಿ, ಬದಲಿಸಿ.

ಈಗ ಶೂ ವಿಷಯ. ಹೇಳುವುದು ಜಾಸ್ತಿ ಇರುವುದು ಇಲ್ಲೇ.

ರನ್ನಿಂಗ್ ಶೂ ಓಡುವುದಕ್ಕೆ ತುಂಬಾ ಒಳ್ಳೆಯದು. ಪೆಡಲ್‌ಗೆ ಮಾತ್ರ ಅದರ ಒಳ್ಳೆಯ ಗುಣಗಳೆಲ್ಲ ತಿರುಗುಬಾಣ. ಅದರ ಅಟ್ಟೆ ಮುಖ್ಯವಾಗಿ ಫೋಮ್, ಸಾಮಾನ್ಯವಾಗಿ ಇವಿಎ ಅನ್ನುವ ಹಗುರ ಫೋಮ್. ಸವೆಯುವ ಕಡೆ ಮಾತ್ರ ರಬ್ಬರ್ ತುಂಡುಗಳನ್ನು ಅಂಟಿಸಿರುತ್ತಾರೆ. ನಿಮ್ಮ ಶೂ ತಿರುಗಿಸಿ ನೋಡಿ, ಪೆಡಲ್ ಕೂರುವ ಜಾಗದಲ್ಲಿ ರಬ್ಬರ್ ಇದೆಯಾ, ಬರೀ ಫೋಮ್ ಇದೆಯಾ? ತುಂಬಾ ಶೂಗಳಲ್ಲಿ ಪಾದದ ನಡುಭಾಗ ಪೂರ್ತಿ ಫೋಮ್. ಒದ್ದೆಯಾದ ಫೋಮ್ ಜಾರುತ್ತದೆ, ಪಿನ್ ಇರುವ ಪೆಡಲ್ ಹಾಕಿದರೆ ಕಿತ್ತು ಬರುತ್ತದೆ. ಜೊತೆಗೆ ಹೆಬ್ಬೆರಳಿನ ಕಡೆ ಅಟ್ಟೆ ಮೇಲಕ್ಕೆ ಬಾಗಿರುತ್ತದೆ, ಅಂದರೆ ಪೆಡಲ್‌ಗೆ ತಾಗುವ ಜಾಗವೇ ಕಡಿಮೆ. ಮೆತ್ತಗಿರುವುದರಿಂದ ಪಾದ ಪೆಡಲ್ ಅಂಚಿನ ಮೇಲೆ ಬಾಗುತ್ತದೆ, ಬಾಗಿದಾಗ ಒಂದು ಅಂಚು ಎತ್ತಿಕೊಳ್ಳುತ್ತದೆ, ಜಾರುವುದು ಆ ಕ್ಷಣದಲ್ಲೇ.

ಹಾಗಾದರೆ ಎಂಥ ಶೂ ನೋಡಬೇಕು? ಹಿಮ್ಮಡಿಯಿಂದ ಬೆರಳ ತುದಿಯವರೆಗೆ ಒಂದೇ ರಬ್ಬರ್ ಹಾಳೆ ಇರಬೇಕು. ಚಪ್ಪಟೆಯಾಗಿರಬೇಕು. ಅಟ್ಟೆಯ ಚಿತ್ತಾರ ಆಳವಿಲ್ಲದೆ, ಒತ್ತೊತ್ತಾಗಿ ಇರಬೇಕು, ಚುಕ್ಕಿಗಳೋ ಸಣ್ಣ ಚೌಕಗಳೋ ಯಾವುದಾದರೂ ಸರಿ. ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದರೆ ಬೆರಳುಗಳ ಬುಡದಲ್ಲಿ ಸ್ವಲ್ಪ ಬಾಗಬೇಕು, ನಟ್ಟನಡುವೆ ಮಡಚಿಕೊಳ್ಳಬಾರದು. ರಬ್ಬರ್‌ಗೆ ಹೆಬ್ಬೆರಳ ಉಗುರು ಒತ್ತಿ ನೋಡಿ, ಗುರುತು ಮೂಡಿ ಮೆಲ್ಲಗೆ ಮಾಯವಾಗಬೇಕು. ಉಗುರೇ ಜಾರಿಹೋದರೆ ಆ ರಬ್ಬರ್ ಗಟ್ಟಿ, ಮಳೆಗೆ ಬೇಡ. ರಬ್ಬರ್ ಗಡಸುತನವನ್ನು ಶೋರ್ ಎ ಅನ್ನುವ ಅಳತೆಯಲ್ಲಿ ಹೇಳುತ್ತಾರೆ, ಸಂಖ್ಯೆ ಕಡಿಮೆ ಇದ್ದಷ್ಟೂ ಮೆತ್ತಗೆ. ಆದರೆ ಎಲ್ಲ ಕಂಪನಿಗಳೂ ಅದನ್ನು ಬರೆದಿರುವುದಿಲ್ಲ, ಹಾಗಾಗಿ ಉಗುರೇ ಸಾಕು.

ಫ್ಲ್ಯಾಟ್ ಪೆಡಲ್‌ಗೆಂದೇ ಮಾಡಿದ ಮೌಂಟೇನ್ ಬೈಕ್ ಶೂಗಳು ಈ ಎಲ್ಲವನ್ನೂ ಪೂರೈಸುತ್ತವೆ. ಈ ಯೋಚನೆ ಬಂದದ್ದು ಬಂಡೆ ಹತ್ತುವವರಿಂದ. 1985ರಲ್ಲಿ ಶುರುವಾದ ಫೈವ್ ಟೆನ್ ಕಂಪನಿ ಹತ್ತುವ ಶೂಗಳಿಗೆ ಬಳಸುತ್ತಿದ್ದ ಸ್ಟೆಲ್ತ್ ಅನ್ನುವ ಮೆತ್ತನೆ ರಬ್ಬರನ್ನೇ ಆಮೇಲೆ ಸೈಕಲ್ ಶೂಗಳಿಗೂ ಹಾಕಿತು. 2011ರಲ್ಲಿ ಅದನ್ನು ಅಡಿಡಾಸ್ ಕೊಂಡುಕೊಂಡಿತು. ಈಗ ಬೇರೆ ಕಂಪನಿಗಳೂ ಅದೇ ತರಹದ ರಬ್ಬರ್ ಮಾಡುತ್ತವೆ. ಆದರೆ ನಿಮಗೆ ಅಷ್ಟು ವಿಶೇಷವಾದ ಶೂ ಬೇಕೇಬೇಕು ಅಂತಿಲ್ಲ. ಸ್ಕೇಟ್‌ಬೋರ್ಡ್ ಆಡುವವರು ಹಾಕುವ ಚಪ್ಪಟೆ ರಬ್ಬರ್ ಅಟ್ಟೆಯ ಶೂ ನಿಮ್ಮ 9 ಕಿಲೋಮೀಟರ್‌ಗೆ ಚೆನ್ನಾಗಿಯೇ ಸಾಕಾಗುತ್ತದೆ. ಬೇಗ ನೆನೆಯುತ್ತದೆ, ನಿಜ. ತೆಳುವಾದ ಕ್ಯಾನ್ವಾಸ್ ಆಗಿದ್ದರೆ ಬೇಗ ಒಣಗುತ್ತದೆ ಕೂಡ.

ಆಳವಾದ ಹಲ್ಲುಗಳಿರುವ ಟ್ರೆಕ್ಕಿಂಗ್ ಶೂ ಒಳ್ಳೆಯದಲ್ಲವಾ ಅಂತ ತುಂಬಾ ಜನ ಕೇಳುತ್ತಾರೆ. ಕೆಸರಿನಲ್ಲಿ ನಡೆಯುವುದಕ್ಕೆ ಒಳ್ಳೆಯದು. ಪೆಡಲ್ ಮೇಲೆ ಆ ಹಲ್ಲುಗಳ ತುದಿ ಮಾತ್ರ ತಾಗುತ್ತದೆ. ಪಿನ್‌ಗಳು ಹಲ್ಲುಗಳ ನಡುವಿನ ಖಾಲಿ ಜಾಗಕ್ಕೆ ಬಿದ್ದರೆ ರಬ್ಬರ್‌ಗೆ ತಾಗುವುದೇ ಇಲ್ಲ, ಕೆಲವೊಮ್ಮೆ ಅಡ್ಡಾದಿಡ್ಡಿಯಾಗಿ ಸಿಕ್ಕಿಕೊಂಡು ಪಾದವನ್ನು ಬೇಡದ ಕೋನದಲ್ಲಿ ಹಿಡಿದುಬಿಡುತ್ತವೆ. ಕೆಲವು ಶೂಗಳಲ್ಲಿ ಪಾದದ ನಡುಭಾಗಕ್ಕೆ ನಯವಾದ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಪೆಡಲ್ ಅನ್ನು ಪಾದದ ನಡುವೆ ಇಟ್ಟು ತುಳಿಯುವ ಅಭ್ಯಾಸ ಇದ್ದವರಿಗೆ ಅದು ತುಂಬಾ ಅಪಾಯ. ಚರ್ಮದ ಅಟ್ಟೆಯ ಆಫೀಸ್ ಶೂ ಬಗ್ಗೆ ಹೇಳುವುದೇ ಬೇಡ. ಅದನ್ನು ಆಫೀಸಿನಲ್ಲೇ ಬಿಟ್ಟು ಅಲ್ಲಿ ಬದಲಿಸಿಕೊಳ್ಳಿ.

ಎರಡು ಸಣ್ಣ ವಿಷಯ. ಹೊಸ ಶೂ ಮೊದಲ ದಿನಗಳಲ್ಲಿ ಜಾರಿದರೆ ಗಾಬರಿಯಾಗಬೇಡಿ. ಅಚ್ಚಿನಿಂದ ರಬ್ಬರ್ ಸುಲಭವಾಗಿ ಬಿಡಲಿ ಅಂತ ಹಚ್ಚುವ ಜಿಡ್ಡು ಸ್ವಲ್ಪ ಉಳಿದಿರುತ್ತದೆ, ಸೋಪಿನಲ್ಲಿ ತೊಳೆದು ಮರಳು ಕಾಗದದಿಂದ ಹಗುರವಾಗಿ ಉಜ್ಜಿದರೆ ಹೋಗುತ್ತದೆ. ಹಳೆಯ ಶೂ ಆಗಿದ್ದರೆ, ನೋಡಲು ಚೆನ್ನಾಗಿದ್ದರೂ, ವರ್ಷಗಳ ಬಿಸಿಲಿಗೆ ರಬ್ಬರ್ ಗಟ್ಟಿಯಾಗಿರುತ್ತದೆ. ಅಲ್ಲೂ ಉಗುರಿನ ಪರೀಕ್ಷೆ ಮಾಡಿ.

ಇನ್ನೊಂದು ವಿಷಯ ಯಾರೂ ಯೋಚಿಸುವುದಿಲ್ಲ. ಕೆಲವರಿಗೆ ಶೂ ಪೆಡಲ್ ಮೇಲೆ ಗಟ್ಟಿಯಾಗೇ ನಿಂತಿರುತ್ತದೆ, ಒದ್ದೆ ಕಾಲ್ಚೀಲದಿಂದಾಗಿ ಪಾದ ಶೂ ಒಳಗೇ ಜಾರುತ್ತಿರುತ್ತದೆ. ಅನುಭವಕ್ಕೆ ಎರಡೂ ಒಂದೇ ತರಹ. ಹಿಮ್ಮಡಿ ಎತ್ತಿ ನೋಡಿ, ಶೂ ಒಳಗೆ ಪಾದ ಮೇಲೆ ಕೆಳಗೆ ಆಡಿದರೆ ಲೇಸ್ ಬಿಗಿ ಮಾಡಿ, ನೀರು ಹೀರಿ ಜೋತುಬೀಳುವ ಹತ್ತಿ ಕಾಲ್ಚೀಲದ ಬದಲು ಉಣ್ಣೆಯದ್ದೋ ಸಿಂಥೆಟಿಕ್‌ನದ್ದೋ ಹಾಕಿ. ಲೇಸಿನ ತುದಿಗಳನ್ನು ಶೂ ಒಳಗೆ ಸಿಕ್ಕಿಸಿಬಿಡಿ, ಬಲಗಾಲಿನ ಲೇಸ್ ಚೈನ್‌ಗೆ ಸಿಕ್ಕಿಕೊಂಡರೆ ಜಾರುವುದಕ್ಕಿಂತ ಕಷ್ಟ.

ವಾಟರ್‌ಪ್ರೂಫ್ ಶೂ ಕೇಳಿದ್ದೀರಿ. ಒಳಗೆ ನೀರು ಬರದಿರುವುದು ಬೇರೆ, ಅಟ್ಟೆ ಜಾರದಿರುವುದು ಬೇರೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಜೋರು ಮಳೆಯಲ್ಲಿ ನೀರು ಕಾಲಿನ ಮೇಲಿಂದ ಇಳಿದು ಶೂ ಬಾಯಿಯಿಂದ ಒಳಗೆ ಹೋಗುತ್ತದೆ, ಹೋದದ್ದು ಹೊರಗೆ ಬರುವುದಿಲ್ಲ. ತುಂಬಾ ಚಳಿ ಇರುವ ಕಡೆ ಕಾಲು ಬೆಚ್ಚಗಿಡಲು ಅದು ಬೇಕು. ಇಲ್ಲದಿದ್ದರೆ ನೀರು ಸೋರಿಹೋಗುವ ಶೂ ಮೇಲು. ಶೂ ಮೇಲೆ ಹಾಕುವ ಕವರ್ ಕೊಳ್ಳುವುದಾದರೆ ಅಡಿಭಾಗ ತೆರೆದಿರುವುದನ್ನೇ ಆರಿಸಿ, ಅಡಿಯನ್ನೂ ಮುಚ್ಚುವ ಕವರ್‌ನಲ್ಲಿ ನಿಮ್ಮ ಒಳ್ಳೆಯ ಅಟ್ಟೆಯ ಮೇಲೆ ಒಂದು ನಯವಾದ ಹಾಳೆ ಹೊದಿಸಿದಂತಾಗುತ್ತದೆ. ಶೂ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಬರುವವರಿದ್ದಾರೆ, ದಯವಿಟ್ಟು ಅದು ಬೇಡ. ಗಮ್‌ಬೂಟ್ ಕೂಡ ಬೇಡ, ಹಿಮ್ಮಡಿ ಸಡಿಲ, ಅಟ್ಟೆ ಗಟ್ಟಿ. ಹಿಂದೆ ಪಟ್ಟಿ ಇರುವ ರಬ್ಬರ್ ಅಟ್ಟೆಯ ಸ್ಯಾಂಡಲ್ ಪರವಾಗಿಲ್ಲ, ಬೆರಳುಗಳಿಗೆ ರಕ್ಷಣೆ ಇಲ್ಲ ಅನ್ನುವುದು ಗೊತ್ತಿರಲಿ. ಹವಾಯಿ ಚಪ್ಪಲಿ ಯಾವ ಕಾಲಕ್ಕೂ ಬೇಡ. ಒದ್ದೆ ಶೂ ಒಣಗಿಸುವಾಗ ಒಳಗಿನ ಪ್ಯಾಡ್ ತೆಗೆದು, ಹಳೆಯ ಪೇಪರ್ ತುರುಕಿ ಗಾಳಿಗೆ ಇಡಿ. ಬೆಂಕಿ, ಹೀಟರ್ ಹತ್ತಿರ ಇಟ್ಟರೆ ಅಟ್ಟೆಯ ಅಂಟು ಬಿಡುತ್ತದೆ.

ಇನ್ನು ಪೆಡಲ್. ಪಿನ್ ಕಂಡರೆ ಭಯ ಅಂದಿರಿ. ಅಂಗಡಿಯಲ್ಲಿ ತೂಗುಹಾಕಿರುವ ಉದ್ದ ಪಿನ್‌ಗಳ ಪೆಡಲ್ ಬೆಟ್ಟದಿಂದ ಇಳಿಯುವವರಿಗೆ ಮಾಡಿದ್ದು. ಅವರಿಗೆ ಅಷ್ಟು ಕಚ್ಚುವುದು ಬೇಕು, ನಿಮಗೆ ಬೇಡ. ಪಿನ್‌ಗಳು ಸಾಮಾನ್ಯವಾಗಿ 3ರಿಂದ 5 ಎಂ.ಎಂ. ಎತ್ತರ ಇರುತ್ತವೆ. ನೀವು 3ರ ಆಸುಪಾಸು ಇರುವುದನ್ನು ನೋಡಿ. ತುಂಬಾ ಪೆಡಲ್‌ಗಳಲ್ಲಿ ಪಿನ್ ಅಂದರೆ ಬಿಚ್ಚಿ ಹಾಕಬಹುದಾದ ಸಣ್ಣ ಸ್ಕ್ರೂ. ಬೇಡವಾದದ್ದನ್ನು ತೆಗೆಯಬಹುದು, ಸವೆದದ್ದನ್ನು ಬದಲಿಸಬಹುದು, ಕೆಲವದರಲ್ಲಿ ಅಡಿಗೆ ವಾಷರ್ ಹಾಕಿ ಎತ್ತರ ತಗ್ಗಿಸಬಹುದು. ಹಿಡಿತಕ್ಕೆ ಮುಖ್ಯವಾದದ್ದು ಮುಂದಿನ ಮತ್ತು ಹಿಂದಿನ ಅಂಚಿನ ಪಿನ್‌ಗಳು. ನಡುವಿನವು ಅಷ್ಟಾಗಿ ಬೇಕಿಲ್ಲ, ನಡುವೆ ಉದ್ದ ಪಿನ್ ಇದ್ದರೆ ಹಿಡಿತ ಕಡಿಮೆಯೇ ಆಗುತ್ತದೆ, ಯಾಕೆಂದರೆ ಪಾದ ಅದರ ಮೇಲೆ ತೂಗಾಡುತ್ತದೆ. ಪೆಡಲ್ ಅನ್ನು ಪಕ್ಕದಿಂದ ನೋಡಿ. ಅಂಚುಗಳು ಎತ್ತರವಾಗಿ ನಡು ಸ್ವಲ್ಪ ತಗ್ಗಾಗಿದ್ದರೆ ಒಳ್ಳೆಯದು, ಆಕ್ಸಲ್ ಇರುವ ನಡುಭಾಗ ಉಬ್ಬಿಕೊಂಡಿದ್ದರೆ ಬಿಡಿ.

ನೈಲಾನ್ ಬಾಡಿಯೋ ಅಲ್ಯುಮಿನಿಯಂ ಬಾಡಿಯೋ ಅನ್ನುವುದು ಹಿಡಿತಕ್ಕೆ ಅಷ್ಟು ದೊಡ್ಡ ವಿಷಯ ಅಲ್ಲ. ಪಿನ್ ಲೋಹದ್ದೋ, ಬಾಡಿಯ ಜೊತೆಗೇ ಅಚ್ಚು ಹಾಕಿದ ಪ್ಲಾಸ್ಟಿಕ್ಕೋ ಅನ್ನುವುದು ದೊಡ್ಡ ವಿಷಯ. ಪ್ಲಾಸ್ಟಿಕ್ ಪಿನ್ ಸವೆದು ದುಂಡಗಾಗುತ್ತವೆ, ಆಮೇಲೆ ಬದಲಿಸಲು ಬರುವುದಿಲ್ಲ. ನೈಲಾನ್ ಬಾಡಿಗೆ ಲೋಹದ ಪಿನ್ ಇರುವ ಪೆಡಲ್ ನನ್ನ ಪ್ರಕಾರ ದಿನದ ಓಡಾಟಕ್ಕೆ ತುಂಬಾ ಸರಿಯಾದದ್ದು. ಅಗಲ ಸುಮಾರು 10 ಸೆಂ.ಮೀ. ಇದ್ದರೆ ಸಾಕು. ತುಂಬಾ ಅಗಲವಾದರೆ ತಿರುವಿನಲ್ಲಿ ಸೈಕಲ್ ವಾಲಿದಾಗ ಪೆಡಲ್ ನೆಲಕ್ಕೆ ತಾಗುತ್ತದೆ.

ತೊಂದರೆಗಳನ್ನೂ ಹೇಳಬೇಕು. ಪಿನ್ ಪೆಡಲ್ ಮೇಲಿಂದ ಕಾಲು ಜಾರಿದರೆ ನಿಮಗಾದ ಪೆಟ್ಟಿನ ಬದಲು ಗೀರು ಗಾಯ ಆಗುತ್ತದೆ. ಜಾರುವುದು ತುಂಬಾ ಕಡಿಮೆ, ಜಾರಿದರೆ ನೋವು ಜಾಸ್ತಿ. ಸೈಕಲ್ ತಳ್ಳಿಕೊಂಡು ನಡೆಯುವಾಗ ಮೀನಖಂಡಕ್ಕೆ ತರಚುವುದೇ ಹೆಚ್ಚು. ಮೆತ್ತನೆ ಅಟ್ಟೆ ಬೇಗ ಸವೆಯುತ್ತದೆ. ಮತ್ತೊಂದು, ಪಾದವನ್ನು ಇಟ್ಟಲ್ಲಿಂದ ಸುಮ್ನೆ ಸರಿಸಲು ಬರುವುದಿಲ್ಲ, ಎತ್ತಿ ಮತ್ತೆ ಇಡಬೇಕು. ಇದು ಕೆಲವೇ ದಿನದಲ್ಲಿ ಅಭ್ಯಾಸವಾಗುತ್ತದೆ. ಆದರೆ ನಿಮಗೆ ಮೊಣಕಾಲು ನೋವಿದ್ದರೆ ಪಾದ ಯಾವ ಕೋನದಲ್ಲಿ ಇಟ್ಟಿದ್ದೀರಿ ಅಂತ ಗಮನ ಕೊಡಿ, ಪಿನ್ ಅದನ್ನು ಹಾಗೇ ಹಿಡಿದುಬಿಡುತ್ತದೆ. ಇಂಥ ಪೆಡಲ್‌ಗಳಲ್ಲಿ ತುಂಬಾವಕ್ಕೆ ರಿಫ್ಲೆಕ್ಟರ್ ಇರುವುದಿಲ್ಲ. ಮಳೆಯ ಸಂಜೆಯಲ್ಲಿ ಮೇಲೆ ಕೆಳಗೆ ಆಡುವ ಪೆಡಲ್ ರಿಫ್ಲೆಕ್ಟರ್ ಹಿಂದಿನವರಿಗೆ ಬೇಗ ಕಾಣುವಂಥದ್ದು. ಅದು ಹೋದರೆ ಕಾಲಿಗೆ ಹೊಳೆಯುವ ಪಟ್ಟಿ ಕಟ್ಟಿಕೊಳ್ಳಿ.

ಮರಳು ಕಾಗದದ ಸಲಹೆ ಪೂರ್ತಿ ಸುಳ್ಳಲ್ಲ. ಸ್ಕೇಟ್‌ಬೋರ್ಡ್ ಮೇಲೆ ಅಂಟಿಸುವ ಒರಟು ಟೇಪ್ ನಯವಾದ ಪ್ಲಾಸ್ಟಿಕ್ ಅಥವಾ ಲೋಹದ ಪೆಡಲ್ ಮೇಲೆ ಸ್ವಲ್ಪ ದಿನ ಚೆನ್ನಾಗಿ ಹಿಡಿಯುತ್ತದೆ. ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಒಣಗಿಸಿ ಅಂಟಿಸಬೇಕು. ಆದರೆ ನಿಮ್ಮ ಪೆಡಲ್ ಮೇಲ್ಭಾಗ ರಬ್ಬರ್, ಅದಕ್ಕೆ ಅಂಟು ಸರಿಯಾಗಿ ಕೂರುವುದಿಲ್ಲ. ಮಳೆಯಲ್ಲಿ ಅಂಚು ಎದ್ದು, ಒಂದು ದಿನ ತುಳಿಯುತ್ತಿರುವಾಗಲೇ ಇಡೀ ಟೇಪ್ ಸರಿದರೆ ಕಾಲು ಅದರ ಜೊತೆಗೇ ಹೋಗುತ್ತದೆ. ಟ್ಯೂಬ್ ಸುತ್ತುವುದು, ಹಗ್ಗ ಬಿಗಿಯುವುದು ಇದಕ್ಕಿಂತ ಅಪಾಯ, ಅವು ಒದ್ದೆಯಾದಾಗ ಉರುಳುತ್ತವೆ.

ನಿಮ್ಮ ಗೆಳೆಯರ ಮಾತಿಗೆ ಬರೋಣ. ಕ್ಲಿಪ್ ಪೆಡಲ್‌ನಲ್ಲಿ ಸಿಕ್ಕಿಸಿದ ಮೇಲೆ ಕಾಲು ಜಾರುವುದಿಲ್ಲ, ಅದು ನಿಜ. ಸ್ಕೀ ಬೈಂಡಿಂಗ್ (ಹಿಮದ ಮೇಲೆ ಜಾರುವ ಹಲಗೆಗೆ ಬೂಟು ಸಿಕ್ಕಿಸುವ ಸಾಧನ) ಮಾಡುತ್ತಿದ್ದ ಲುಕ್ ಕಂಪನಿ 1984ರಲ್ಲಿ ಅದೇ ತಂತ್ರವನ್ನು ರೋಡ್ ಸೈಕಲ್ ಪೆಡಲ್‌ಗೆ ತಂದಿತು, 1990ರಲ್ಲಿ ಶಿಮಾನೊ ಕಂಪನಿ ಎಸ್‌ಪಿಡಿ ಅನ್ನುವ ಇನ್ನೊಂದು ಬಗೆಯ ಕ್ಲಿಪ್ ಪೆಡಲ್ ತಂದಿತು. ಎರಡೂ ಬೇರೆ. ರೋಡ್ ಶೂಗಳ ಮೂರು ಬೋಲ್ಟಿನ ದೊಡ್ಡ ಪ್ಲಾಸ್ಟಿಕ್ ಕ್ಲೀಟ್, ಅಂದರೆ ಪೆಡಲ್‌ಗೆ ಸಿಕ್ಕಿಕೊಳ್ಳುವ ತುಂಡು, ಅಟ್ಟೆಯಿಂದ ಹೊರಗೆ ಚಾಚಿರುತ್ತದೆ, ಒದ್ದೆ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆಯುವುದೇ ಕಷ್ಟ. ಎಸ್‌ಪಿಡಿಯಲ್ಲಿ ಎರಡು ಬೋಲ್ಟಿನ ಸಣ್ಣ ಉಕ್ಕಿನ ಕ್ಲೀಟ್ ರಬ್ಬರ್ ಅಟ್ಟೆಯ ಗುಳಿಯಲ್ಲಿ ಕೂರುತ್ತದೆ, ನಡೆಯಬಹುದು. ಓಡಾಟಕ್ಕೆ ಅಂತಾದರೆ ಎಸ್‌ಪಿಡಿ ಮಾತ್ರ ಯೋಚಿಸಿ.

ಆದರೆ ನಿಮ್ಮದು ಸಿಗ್ನಲ್‌ಗಳ ದಾರಿ. ಅಪಾಯ ಇರುವುದು ಸಿಕ್ಕಿಸಿರುವಾಗ ಅಲ್ಲ, ಸಿಕ್ಕಿಸುವಾಗ ಮತ್ತು ಬಿಡಿಸುವಾಗ. ಹೊರಡುವಾಗ ಕ್ಲೀಟ್ ಒಂದೇ ಸಲಕ್ಕೆ ಕೂರದಿದ್ದರೆ ಒದ್ದೆ ಉಕ್ಕಿನ ಮೇಲೆ ಒದ್ದೆ ಉಕ್ಕು, ಅದರಷ್ಟು ಜಾರುವುದು ಇನ್ನೊಂದಿಲ್ಲ. ನೀವು ಈಗ ಜಾರುತ್ತಿರುವ ಅದೇ ಕ್ಷಣದಲ್ಲಿ ಇನ್ನೂ ಜೋರಾಗಿ ಜಾರುತ್ತೀರಿ. ಇನ್ನು ಯಾರೋ ಅಡ್ಡ ಬಂದು ಗಕ್ಕನೆ ನಿಲ್ಲಿಸಬೇಕಾದಾಗ ಹಿಮ್ಮಡಿ ತಿರುಗಿಸಿ ಬಿಡಿಸುವುದು ಮರೆತರೆ ನಿಂತ ಸೈಕಲ್ ಜೊತೆಗೇ ಪಕ್ಕಕ್ಕೆ ಬೀಳುತ್ತೀರಿ. ಹೊಸದಾಗಿ ಕಲಿಯುವವರಲ್ಲಿ ಹೀಗೆ ಬೀಳದವರು ಕಡಿಮೆ. ಅದನ್ನು ಮಳೆಯ ಟ್ರಾಫಿಕ್‌ನಲ್ಲಿ ಕಲಿಯುವುದು ಬೇಡ ಅನ್ನುವುದು ನನ್ನ ಖಡಾಖಂಡಿತ ಮಾತು. ಮುಂದೆ ದೂರ ಹೋಗುವ ಆಸೆ ಬಂದರೆ ಒಣ ದಿನದಲ್ಲಿ, ಹುಲ್ಲಿನ ಮೈದಾನದಲ್ಲಿ ಕಲಿಯಿರಿ. ಸ್ಪ್ರಿಂಗ್ ಬಿಗಿಯನ್ನು ಪೂರ್ತಿ ಸಡಿಲಿಸಿ, ಹಲವು ದಿಕ್ಕಿನಲ್ಲಿ ಬಿಡುವ ಎಸ್‌ಎಚ್ 56 ಕ್ಲೀಟ್ ಹಾಕಿಸಿ. ಎಸ್‌ಎಚ್ 51 ಹಿಮ್ಮಡಿ ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ. ಮಳೆಗಾಲದಲ್ಲಿ ಕ್ಲಿಪ್‌ನ ಸ್ಪ್ರಿಂಗ್‌ಗೆ ಮರಳು ಸೇರುತ್ತದೆ, ತೊಳೆದು ಎಣ್ಣೆ ಹಾಕುತ್ತಿರಬೇಕು.

ಹಳೆಯ ಕಾಲದ ಬೆರಳ ಬುಟ್ಟಿ, ಅದೇ ಟೋ ಕ್ಲಿಪ್, ಬೇಕಾದರೆ ಪಟ್ಟಿ ಇಲ್ಲದ ಅರ್ಧ ಕ್ಲಿಪ್ ಹಾಕಬಹುದು. ಪಾದ ಮುಂದಕ್ಕೆ ಜಾರುವುದನ್ನು ತಡೆಯುತ್ತದೆ, ಹಿಂದಕ್ಕೆ ಜಾರುವುದನ್ನು ತಡೆಯುವುದಿಲ್ಲ. ಪಟ್ಟಿ ಬಿಗಿದು ಪೇಟೆಯಲ್ಲಿ ಓಡಿಸಬೇಡಿ.

ತುಳಿಯುವ ರೀತಿ ಬಗ್ಗೆ ಸ್ವಲ್ಪ. ನಿಲ್ಲಿಸುವ ಮೊದಲೇ ಹಗುರ ಗೇರ್‌ಗೆ ಇಳಿಸಿ, ಆಗ ಹೊರಡುವಾಗ ಎದ್ದು ನಿಂತು ತುಳಿಯಬೇಕಾಗಿಲ್ಲ, ಸೀಟಿನಲ್ಲಿ ಕೂತೇ ಹೊರಡಬಹುದು. ಹೆಬ್ಬೆರಳ ಬುಡದ ದಪ್ಪ ಭಾಗ ಆಕ್ಸಲ್‌ಗಿಂತ ಚೂರು ಮುಂದೆ ಇರಲಿ, ಹಿಮ್ಮಡಿ ಸ್ವಲ್ಪ ತಗ್ಗಿರಲಿ. ಹಳ್ಳದಿಣ್ಣೆ ಬಂದಾಗ ಎರಡೂ ಪೆಡಲ್ ಸಮಮಟ್ಟದಲ್ಲಿಟ್ಟು ಮೈಯನ್ನು ಸೀಟಿನಿಂದ ಸ್ವಲ್ಪ ಎತ್ತಿ, ಭಾರ ಪೆಡಲ್ ಮೇಲಿದ್ದರೆ ಕಾಲು ಎಗರುವುದಿಲ್ಲ. ಒದ್ದೆ ತಿರುವಿನಲ್ಲಿ ಹೊರಗಿನ ಪೆಡಲ್ ಕೆಳಗಿರಲಿ, ಅದನ್ನು ಒತ್ತಿ ಹಿಡಿಯಿರಿ. ಸಿಗ್ನಲ್‌ನಲ್ಲಿ ಕಾಲೂರುವಾಗ ಬಿಳಿ ಪಟ್ಟಿ, ಲೋಹದ ಮುಚ್ಚಳ, ಎಣ್ಣೆ ಹೊಳೆಯುವ ಜಾಗ ಬಿಟ್ಟು ಒರಟು ಡಾಂಬರಿನ ಮೇಲೆ ಊರಿ.

ಪೆಡಲ್ ನೀವೇ ಬದಲಿಸಬಹುದು, 15 ಎಂ.ಎಂ. ಸ್ಪಾನರ್ ಅಥವಾ ಕೆಲವಕ್ಕೆ ಒಳಗಿನಿಂದ 6 ಇಲ್ಲವೇ 8 ಎಂ.ಎಂ. ಅಲೆನ್ ಕೀ ಸಾಕು. ಎಡ ಪೆಡಲ್‌ನ ಥ್ರೆಡ್ ಉಲ್ಟಾ ಇರುತ್ತದೆ, ತುಳಿಯುತ್ತಾ ತುಳಿಯುತ್ತಾ ತಾನೇ ಬಿಚ್ಚಿಕೊಳ್ಳದಿರಲಿ ಅಂತ. ನೆನಪಿಡಲು ಸುಲಭ ದಾರಿ ಇದೆ: ಸ್ಪಾನರ್ ಮೇಲ್ಮುಖವಾಗಿ ಇಟ್ಟು ಸೈಕಲ್‌ನ ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಕಡೆ ಬಿಚ್ಚುತ್ತದೆ, ಮುಂದಕ್ಕೆ ತಳ್ಳಿದರೆ ಎರಡೂ ಕಡೆ ಬಿಗಿಯಾಗುತ್ತದೆ. ಥ್ರೆಡ್‌ಗೆ ಗ್ರೀಸ್ ಹಚ್ಚದೆ ಹಾಕಬೇಡಿ, ಮಳೆಗೆ ತುಕ್ಕು ಹಿಡಿದರೆ ಮುಂದೆ ಬಿಚ್ಚಲು ಬರುವುದಿಲ್ಲ. ಮೊದಲ ಕೆಲವು ಸುತ್ತು ಬೆರಳಿನಿಂದಲೇ ತಿರುಗಿಸಿ. ಓರೆಯಾಗಿ ಹೊಕ್ಕರೆ ಕ್ರ್ಯಾಂಕ್‌ನ ಥ್ರೆಡ್ ಹಾಳಾಗುತ್ತದೆ.

ಖರ್ಚು ಒಂದೇ ಸಲ ಮಾಡಲು ಆಗದಿದ್ದರೆ ಯಾವುದು ಮೊದಲು? ತೊಳೆದು ನೋಡಿದ ಮೇಲೂ ಜಾರುತ್ತಿದ್ದರೆ ಶೂ ಮೊದಲು ಕೊಳ್ಳಿ. ಅದೇ ಶೂ ನಿಮ್ಮನ್ನು ರಸ್ತೆ ಮೇಲೂ ಹಿಡಿದು ನಿಲ್ಲಿಸುತ್ತದೆ. ಪೆಡಲ್ ಮುಂದಿನ ತಿಂಗಳಿಗೆ. ರನ್ನಿಂಗ್ ಶೂಗೆ ಪಿನ್ ಪೆಡಲ್ ಹಾಕಿ ಫೋಮ್ ಕಿತ್ತುಕೊಳ್ಳುವುದಕ್ಕಿಂತ ಈ ಕ್ರಮ ಮೇಲು.

ಮಗಳ ಸೈಕಲ್ ಬಗ್ಗೆ. ಮಕ್ಕಳಿಗೆ ಲೋಹದ ಪಿನ್ ಬೇಡ. ಅವರು ಸೈಕಲ್‌ನಿಂದ ಇಳಿಯುವುದು, ಬೀಳುವುದು, ತಳ್ಳುವುದು ಜಾಸ್ತಿ, ಗಾಯ ಖಂಡಿತ. ಬಾಡಿಯಲ್ಲೇ ಮೊಂಡು ಮುಳ್ಳುಗಳನ್ನು ಅಚ್ಚು ಹಾಕಿದ ನೈಲಾನ್ ಪೆಡಲ್ ಸಾಕು, ಅವಳ ಭಾರಕ್ಕೆ ಅದು ಬೇಗ ಸವೆಯುವುದೂ ಇಲ್ಲ. ದೊಡ್ಡವರ ಅಳತೆಯ ಪೆಡಲ್ ಹಾಕಬೇಡಿ, ಪಾದಕ್ಕೆ ಅಗಲವಾಗಿ ತಿರುವಿನಲ್ಲಿ ನೆಲಕ್ಕೆ ಬಡಿಯುತ್ತದೆ. ಕಾಲಿಗೆ ಚಪ್ಪಟೆ ರಬ್ಬರ್ ಅಟ್ಟೆಯ ಮುಚ್ಚಿದ ಶೂ ಇರಲಿ. ಕೊಳ್ಳುವಾಗ ಒಂದು ಎಚ್ಚರಿಕೆ: ದೊಡ್ಡವರ ಸೈಕಲ್‌ಗಳ ಪೆಡಲ್ ಥ್ರೆಡ್ ಸಾಮಾನ್ಯವಾಗಿ 9/16 ಇಂಚು, ಆದರೆ ಎರಡೂ ಕಡೆಯ ಕ್ರ್ಯಾಂಕ್ ಒಂದೇ ಬಗ್ಗಿಸಿದ ಕಂಬಿಯಿಂದ ಮಾಡಿರುವ ಮಕ್ಕಳ ಸೈಕಲ್‌ಗಳಲ್ಲಿ 1/2 ಇಂಚು ಇರುತ್ತದೆ. ಒಂದಕ್ಕೆ ಇನ್ನೊಂದು ಹೊಂದುವುದಿಲ್ಲ. ಅದಕ್ಕೆ ಅವಳ ಹಳೆಯ ಪೆಡಲ್ ಬಿಚ್ಚಿ ಜೊತೆಗೇ ತೆಗೆದುಕೊಂಡು ಹೋಗಿ, ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಯೇ ತನ್ನಿ.